ಉಳಿ ಏಟಿಗೆ ಹರಿಯಬೇಕು, ಮುರಿಯಬಾರದು

ನಮ್ಮ ಲೈನಿನಲ್ಲಿ ಶಿಫ್ಟಿಗೆ ಮೂರು ಸಲ ಉಳಿ, ಸುತ್ತಿಗೆ ಹೊರಗೆ ಬರುತ್ತವೆ. ಶಿಫ್ಟ್ ಶುರುವಿಗೊಮ್ಮೆ, ಊಟ ಆದಮೇಲೊಮ್ಮೆ, ಮುಗಿಯುವ ಹೊತ್ತಿಗೊಮ್ಮೆ. ಆಗ ತಾನೆ ವೆಲ್ಡ್ ಆದ ಒಂದು ಪೀಸನ್ನು ವೈಸಿಗೆ ಕಚ್ಚಿಸಿ, ಎರಡು ಶೀಟಿನ ನಡುವೆ ಉಳಿ ತೂರಿಸಿ ಹೊಡೆಯುತ್ತೇವೆ. ಹೊಸದಾಗಿ ಸೇರಿದ ಹುಡುಗರು ಕಣ್ಣು ಬಿಟ್ಟು ನೋಡುತ್ತಾರೆ. ಅಂಟಿಸಿದವರೇ ಕಿತ್ತು ಹಾಕುತ್ತಿದ್ದಾರಲ್ಲ ಅಂತ.

ಏನು ಮಾಡುವುದು, ಸ್ಪಾಟ್ ವೆಲ್ಡಿಂಗಿನ ಕಥೆಯೇ ಹಾಗೆ. ಬೆಸುಗೆ ಇರುವುದು ಎರಡು ತಗಡಿನ ಮಧ್ಯೆ. ಹೊರಗೆ ಕಾಣುವುದು ಒಂದು ದುಂಡನೆಯ ಗುರುತು, ಅಷ್ಟೆ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ಕೀಳದೆಯೇ ನೋಡಬಹುದು. ಆದರೆ ನಮ್ಮಂಥ ಶೆಡ್ಡಿನಲ್ಲಿ ದಿನನಿತ್ಯದ ಮಾತಿಗೆ ಉಳಿಯೇ ಗತಿ.

ಸ್ಪಾಟ್ ಚೆನ್ನಾಗಿದ್ದರೆ ಬೆಸುಗೆ ಬಿಡುವುದಿಲ್ಲ. ಅದರ ಸುತ್ತಲಿನ ತಗಡೇ ಹರಿಯುತ್ತದೆ. ಅಂಗಿಯ ಗುಂಡಿಯನ್ನು ಜೋರಾಗಿ ಎಳೆದರೆ ದಾರ ಬಿಡದೆ ಬಟ್ಟೆಯೇ ಕಿತ್ತು ಬರುತ್ತದಲ್ಲ, ಹಾಗೆ. ಒಂದು ಶೀಟಿನಲ್ಲಿ ತೂತು ಬೀಳುತ್ತದೆ, ಇನ್ನೊಂದರ ಮೇಲೆ ಆ ತೂತಿನ ಚೂರು ಗುಂಡಿಯ ಹಾಗೆ ನಿಲ್ಲುತ್ತದೆ. ನಾವು ಅದನ್ನು ಬಟನ್ ಅನ್ನುತ್ತೇವೆ. ಹರಿಯುವಾಗ ಒಂಥರಾ ಕರ್ರನೆ ಸದ್ದು ಬರುತ್ತದೆ. ಆ ಸದ್ದು ಕೇಳಿದರೆ ನನಗೆ ನೆಮ್ಮದಿ.

ಎರಡು ವರ್ಷದ ಹಿಂದೆ ಒಂದು ಸಂಜೆ ಕೇಳಿದ್ದು ಬೇರೆ ಸದ್ದು. ಟಿಕ್. ಒಣಗಿದ ಕಡ್ಡಿ ಮುರಿದ ಹಾಗೆ. ಆ ಸಂಜೆಯ ಕಥೆಯನ್ನೇ ಇವತ್ತು ಬರೆಯುತ್ತಿದ್ದೇನೆ.

ನಾನು ತುಮಕೂರಿನವಳು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದೇನೆ. 13 ವರ್ಷದಿಂದ ದಾಬಸ್‌ಪೇಟೆ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಹೆಸರು ಬೇಡ. ಕಾರಿನ ಕಂಪನಿಗೆ ಮಾಲು ಕೊಡುವವರಿಗೆ ಮಾಲು ಕೊಡುವವರು ನಾವು, ಅಷ್ಟು ಸಾಕು. ವೆಲ್ಡ್ ಶಾಪಿನ ಹಿಂದಿನ ಶಟರ್ ಎತ್ತಿದರೆ ಶಿವಗಂಗೆ ಬೆಟ್ಟ ಕಾಣುತ್ತದೆ. ಬೆಳಗಿನ ಶಿಫ್ಟ್ ಇದ್ದ ದಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೇ ಬಸ್ ಹತ್ತುವುದು. ಅದು ಈ ಕಥೆಗೆ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.

ಮೊದಲ ಹತ್ತು ವರ್ಷ ನಾವು ಮಾಡಿದ್ದೆಲ್ಲ ಮೈಲ್ಡ್ ಸ್ಟೀಲಿನ, ಅಂದರೆ ಮಾಮೂಲಿ ಮೆದು ಉಕ್ಕಿನ ಬ್ರಾಕೆಟ್ಟುಗಳು. ಮೈಲ್ಡ್ ಸ್ಟೀಲ್ ಅಂದರೆ ಸಾಧು ಹಸು. ಯಾರು ಕೂತು ಕರೆದರೂ ಹಾಲು ಕೊಡುತ್ತದೆ. ಕರೆಂಟ್ ಸ್ವಲ್ಪ ಹೆಚ್ಚು ಕಮ್ಮಿ ಆಗಲಿ, ವೆಲ್ಡಿಂಗ್ ಗನ್ನಿನ ಟಿಪ್ ಸ್ವಲ್ಪ ಸವೆದಿರಲಿ, ಬಟನ್ ಬರುತ್ತಿತ್ತು. ನಮ್ಮ ಲೈನಿನ ಎಲ್ಲರಿಗೂ ಒಂದು ಧೈರ್ಯ ಬಂದುಬಿಟ್ಟಿತ್ತು. ನನಗೂ.

ಆಮೇಲೆ ಹೊಸ ಆರ್ಡರ್ ಬಂತು. ಸೀಟ್ ಕ್ರಾಸ್ ಮೆಂಬರ್. ಮುಂದಿನ ಸೀಟುಗಳ ಕೆಳಗೆ, ಕಾರಿನ ನೆಲದ ಮೇಲೆ ಅಡ್ಡಡ್ಡ ಹೋಗುವ ತೊಲೆ ಅದು. ಪಕ್ಕದಿಂದ ಇನ್ನೊಂದು ಗಾಡಿ ಬಂದು ಗುದ್ದಿದರೆ ಒಳಗೆ ಕೂತವರ ಸೊಂಟದ ಮಟ್ಟದಲ್ಲಿ ಎದೆಯೊಡ್ಡುವುದು ಇದೇ. ಅದಕ್ಕೆ 1.2 ಮಿಲಿಮೀಟರಿನ 980 ಗ್ರೇಡ್ ಶೀಟ್. ಅದರ ಮೇಲೆ ಸೀಟು ಕೂರಿಸುವ ಬ್ರಾಕೆಟ್ಟುಗಳು 1.6 ಮಿಲಿಮೀಟರಿನ 590 ಗ್ರೇಡ್. ಒಟ್ಟು 14 ಸ್ಪಾಟ್.

980 ಅಂದರೆ ಏನು ಅಂತ ನಮ್ಮ ಹುಡುಗರಿಗೆ ನಾನು ಸಿಮೆಂಟ್ ಮೂಟೆಯ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಚದರ ಮಿಲಿಮೀಟರ್ ದಪ್ಪದ ತಂತಿ ಅಂದುಕೊಳ್ಳಿ. ಮಾಮೂಲಿ 270 ಗ್ರೇಡಿನದಾದರೆ 27 ಕಿಲೋ ತೂಗುಬಿಡಬಹುದು, ಅರ್ಧ ಮೂಟೆ ಚಿಲ್ಲರೆ. 980 ಗ್ರೇಡಿನದಾದರೆ 100 ಕಿಲೋ. ಎರಡು ಮೂಟೆ. ಕಾಸಿ, ಅಚ್ಚಿನಲ್ಲೇ ಒತ್ತಿ, ಅಲ್ಲೇ ತಣಿಸುವ ಹಾಟ್ ಸ್ಟಾಂಪಿಂಗ್ ಸ್ಟೀಲ್ ಇದೆಯಲ್ಲ, ಮುಂದಿನ, ಹಿಂದಿನ ಬಾಗಿಲ ನಡುವಿನ ಕಂಬಕ್ಕೆ, ಅಂದರೆ ಬಿ ಪಿಲ್ಲರಿಗೆ ಹಾಕುವುದು, ಅದು 1500. ಮೂರು ಮೂಟೆ. ಈ ಲೆಕ್ಕ ಹೇಳಿದರೆ ಯಾರೂ ಮರೆಯುವುದಿಲ್ಲ.

ಇಂಥ ಶೀಟ್ ಯಾಕೆ ಬಂತು ಅಂದರೆ, ಕಾರು ಹಗುರ ಇರಬೇಕು, ಗುದ್ದಿದರೆ ತಡೆಯಬೇಕು. ಎರಡೂ ಬೇಕು. ನಮ್ಮ ದೇಶದಲ್ಲಿ 2017ರ ಅಕ್ಟೋಬರಿನಿಂದ ಹೊಸ ಮಾಡೆಲ್ ಕಾರುಗಳಿಗೆ ಮುಂದಿನಿಂದ, ಪಕ್ಕದಿಂದ ಗುದ್ದಿಸಿ ನೋಡುವ ಪರೀಕ್ಷೆ ಕಡ್ಡಾಯ ಆಯಿತು. 2023ರಲ್ಲಿ, ಕಾರು ಗುದ್ದಿಸಿ ನೋಡಿ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಬಂದ ಮೇಲಂತೂ ಶೋರೂಮಿಗೆ ಹೋದವರೆಲ್ಲ ಎಷ್ಟು ಸ್ಟಾರ್ ಅಂತ ಕೇಳುತ್ತಾರೆ. ತಗಡು ದಪ್ಪ ಮಾಡಿದರೆ ಮೈಲೇಜ್ ಹೋಗುತ್ತದೆ. ಹಾಗಾಗಿ ತೆಳು ಶೀಟು, ಗಟ್ಟಿ ಶೀಟು.

ಗಟ್ಟಿ ಶೀಟು ಹಾಕಿದರೆ ಜಾಯಿಂಟೂ ಗಟ್ಟಿ ಇರುತ್ತದೆ ಅಂತ ನಾನು ನಂಬಿದ್ದೆ. ತಪ್ಪು ಅಲ್ಲಿಂದಲೇ ಶುರು.

ಸ್ಪಾಟ್ ವೆಲ್ಡಿಂಗ್ ಹೇಗೆ ಆಗುತ್ತದೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಗನ್ನಿಗೆ ಮೇಲೊಂದು ಕೆಳಗೊಂದು ತಾಮ್ರದ ಟಿಪ್. ಎರಡು ಶೀಟನ್ನು ಮಧ್ಯೆ ಇಟ್ಟು ಟಿಪ್ಪುಗಳು ಅಮುಕುತ್ತವೆ. ಮುನ್ನೂರು ಕಿಲೋ ಭಾರ ಬೆರಳ ತುದಿಯಷ್ಟು ಜಾಗದ ಮೇಲೆ ಕೂತ ಹಾಗೆ. ಅಮುಕಿಕೊಂಡೇ ಎಂಟು, ಒಂಬತ್ತು ಸಾವಿರ ಆಂಪಿಯರ್ ಕರೆಂಟ್ ಹರಿಸುತ್ತವೆ. ನಮ್ಮ ಮನೆಯ ಗೀಸರಿನ ಪ್ಲಗ್ 15 ಆಂಪಿಯರಿನದು, ನೆನಪಿರಲಿ. ವೋಲ್ಟೇಜ್ ಮಾತ್ರ ಕೆಲವೇ ವೋಲ್ಟ್, ಮುಟ್ಟಿದರೆ ಷಾಕ್ ಹೊಡೆಯುವಷ್ಟಲ್ಲ. ಎರಡು ಶೀಟು ಒಂದಕ್ಕೊಂದು ತಾಗುವ ಜಾಗದಲ್ಲಿ ಕರೆಂಟಿಗೆ ತಡೆ ಜಾಸ್ತಿ. ಅಲ್ಲೇ ಕಾವು ಏರುತ್ತದೆ, ಅಲ್ಲೇ ಉಕ್ಕು ಕರಗುತ್ತದೆ. ಕಾಲು ಸೆಕೆಂಡಿನ ಕೆಲಸ. ಒಂದು ಸ್ಪಾಟಿಗೆ ಒಟ್ಟು ಖರ್ಚಾಗುವ ಕಾವು ಎರಡು ಕಿಲೋವಾಟಿನ ಗೀಸರ್ ಒಂದೇ ಒಂದು ಸೆಕೆಂಡ್ ಉರಿದಷ್ಟು. ಅಷ್ಟರಲ್ಲಿ ಚೊಂಬು ನೀರೂ ಬೆಚ್ಚಗಾಗುವುದಿಲ್ಲ. ಆದರೆ ಅದನ್ನೆಲ್ಲ ತೊಗರಿ ಕಾಳಿನಷ್ಟು ಜಾಗಕ್ಕೆ ತುಂಬಿದರೆ 1500 ಡಿಗ್ರಿ ದಾಟುತ್ತದೆ. ಆ ಕರಗಿ ಗಟ್ಟಿಯಾದ ಕಾಳಿಗೆ ನಗ್ಗೆಟ್ ಅಂತ ಹೆಸರು. ಒಂದು ಕಾರಿನ ಬಾಡಿಯಲ್ಲಿ ಇಂಥವು ಮೂರು ಸಾವಿರದಿಂದ ಐದು ಸಾವಿರ ಇರುತ್ತವೆ. 1880ರ ದಶಕದಲ್ಲಿ ಅಮೆರಿಕದ ಎಲಿಹು ಥಾಮ್ಸನ್ ಕರೆಂಟಿನ ತಡೆಯಿಂದ ಲೋಹ ಬೆಸೆಯುವ ಈ ದಾರಿ ಹಾಕಿಕೊಟ್ಟ. ಮೂಲ ಸೂತ್ರ ಇವತ್ತಿಗೂ ಅದೇ.

ಹೊಸ ಪಾರ್ಟಿನ ಮೊದಲ ಲಾಟಿಗೆ ನಾನು ಹಳೇ ಟೇಬಲ್ ನೋಡಿ ಸೆಟ್ಟಿಂಗ್ ಬರೆದೆ. ಮೈಲ್ಡ್ ಸ್ಟೀಲಿನ ಟೇಬಲ್. 9.6 ಕಿಲೋ ಆಂಪಿಯರ್, 2.6 ಕಿಲೋ ನ್ಯೂಟನ್ ಒತ್ತಡ, 12 ಸೈಕಲ್. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್. ಗನ್ ಒತ್ತಿದ್ದೇ ತಡ, ದೀಪಾವಳಿ. ಕಿಡಿ ನಾಲ್ಕಡಿ ದೂರ ಹಾರಿತು. ಆಪರೇಟರ್ ಹುಡುಗನಿಗೆ ಭಾರಿ ಖುಷಿ.

“ಮೇಡಂ, ಸಖತ್ತಾಗಿ ಹಿಡೀತಿದೆ!”

ಕಿಡಿ ಜೋರಾಗಿ ಹಾರಿದರೆ ವೆಲ್ಡ್ ಜೋರಾಗಿ ಹಿಡಿದಿದೆ ಅನ್ನುವುದು ನಮ್ಮ ಶಾಪಿನ ಹಳೇ ನಂಬಿಕೆ. ಯೋಚನೆ ಮಾಡಿ ನೋಡಿ, ಆ ಕಿಡಿ ಎಲ್ಲಿಂದ ಬಂತು? ನಗ್ಗೆಟ್ ಆಗಬೇಕಿದ್ದ ಕರಗಿದ ಉಕ್ಕೇ ಶೀಟುಗಳ ಸಂದಿಯಿಂದ ಚಿಮ್ಮಿ ಆಚೆ ಹೋಗುತ್ತಿದೆ. ಉಕ್ಕಿ ಚೆಲ್ಲಿದ ಹಾಲು ನೋಡಿ ಹಾಲು ಜಾಸ್ತಿ ಆಯ್ತು ಅಂದ ಹಾಗೆ. ಇಷ್ಟು ಬುದ್ಧಿ ಈಗ ಹೇಳುತ್ತಿದ್ದೇನೆ. ಅವತ್ತು ನಾನು ಗುರುತು ನೋಡಿದೆ, ದುಂಡಗಿತ್ತು. ತಗ್ಗು ಅಳೆದೆ, ಮಿತಿಯಲ್ಲಿತ್ತು. ಕರೆಂಟ್ ಸ್ವಲ್ಪ ಇಳಿಸಿ, ಕಿಡಿ ಕಮ್ಮಿ ಆದಮೇಲೆ ಫಸ್ಟ್ ಪೀಸ್ ಅಪ್ರೂವಲ್ ಹಾಳೆಯಲ್ಲಿ ಓಕೆ ಬರೆದು ಸಹಿ ಹಾಕಿದೆ. ಉಳಿ ಪರೀಕ್ಷೆ ಮೂರು ಸ್ಪಾಟಿಗೆ ಮಾತ್ರ ಮಾಡಿದ್ದೆ, ಉಳಿ ಸುಲಭವಾಗಿ ಹೋಗುವ ಮೂರಕ್ಕೆ. ಮೂರೂ ತಡೆದಿದ್ದವು.

ಸಂಜೆ ಸೆಕೆಂಡ್ ಶಿಫ್ಟಿನವರು ಊಟದ ನಂತರದ ಪೀಸಿಗೆ 11ನೇ ಸ್ಪಾಟಿಗೆ ಉಳಿ ಹಾಕಿದರು. ಟಿಕ್ ಅಂತು. ಬ್ರಾಕೆಟ್ ಕೈಗೆ ಬಂತು.

ಎರಡೂ ಶೀಟು ಹಾಗೇ ಇವೆ, ತೂತಿಲ್ಲ, ಬಟನ್ ಇಲ್ಲ. ಬೆಸುಗೆ ಮಧ್ಯದಲ್ಲೇ ಸೀಳಿ ಎರಡು ಹೋಳಾಗಿದೆ. ಮುರಿದ ಮುಖ ಬೂದು ಬಣ್ಣ, ಸಕ್ಕರೆ ಹರಳಿನ ಹಾಗೆ ಮಿನುಗುತ್ತಿತ್ತು. 12ನೇದೂ ಅಷ್ಟೆ. 13ನೇದು ಅರ್ಧ ಹರಿದು ಅರ್ಧ ಮುರಿದಿತ್ತು. ಅಷ್ಟು ಹೊತ್ತಿಗೆ 320 ಪೀಸ್ ಆಗಿ ಡಿಸ್ಪ್ಯಾಚ್ ಬಾಗಿಲಲ್ಲಿ ನಿಂತಿದ್ದವು. ಲಾರಿ ಬಂದಿರಲಿಲ್ಲ. ಬಂದಿದ್ದರೆ ಈ ಬರಹ ಹೀಗೆ ಸಲೀಸಾಗಿ ಬರೆಯುತ್ತಿರಲಿಲ್ಲ. ಎಲ್ಲ ಕೆಂಪು ಬಿನ್ನಿಗೆ ಹಾಕಿಸಿದೆ. ಹಾಳೆಯಲ್ಲಿ ನನ್ನ ಸಹಿ ಇತ್ತು.

ನಮ್ಮಲ್ಲಿ 25 ವರ್ಷದಿಂದ ಗನ್ ಹಿಡಿದಿರುವ ಒಬ್ಬರಿದ್ದಾರೆ. ವಯಸ್ಸಿನ ಭೇದ ಇಲ್ಲದೆ ಎಲ್ಲರೂ ಅವರಿಗೆ ಅಣ್ಣ ಅನ್ನುತ್ತೇವೆ. ಅವರು ಬಂದು ನೋಡಿ, “ಹೋಲ್ಡ್ ಜಾಸ್ತಿ ಕೊಡಮ್ಮ, ಇನ್ನೂ ಸ್ವಲ್ಪ ಹೊತ್ತು ಅಮುಕಿಕೊಂಡಿರ್ಲಿ, ಗಟ್ಟಿ ಕೂರುತ್ತೆ” ಅಂದರು. ಹೋಲ್ಡ್ ಅಂದರೆ ಕರೆಂಟ್ ನಿಂತ ಮೇಲೂ ಟಿಪ್ ಬಿಡದೆ ಹಿಡಿದುಕೊಂಡಿರುವ ಸಮಯ. ಮೈಲ್ಡ್ ಸ್ಟೀಲಿನಲ್ಲಿ ಅವರ ಮಾತು ಯಾವತ್ತೂ ಸುಳ್ಳಾಗಿರಲಿಲ್ಲ. 10 ಸೈಕಲ್ ಇದ್ದದ್ದನ್ನು 20 ಮಾಡಿದೆವು. ಈಗ 13ನೇದೂ ಪೂರ್ತಿ ಟಿಕ್ ಅಂತು.

ಅಣ್ಣ ಮಾತಾಡಲಿಲ್ಲ. ಉಳಿಯನ್ನು ಒರೆಸಿ ಮೇಜಿನ ಮೇಲಿಟ್ಟು ಟೀ ಕುಡಿಯಲು ಹೋದರು.

ಮಾರನೇ ದಿನ ಸ್ಪಾಟುಗಳನ್ನು ನಡುಮಧ್ಯಕ್ಕೆ ಕೊಯ್ದು, ಅಂಟಿನಲ್ಲಿ ಕೂರಿಸಿ, ಉಜ್ಜುಕಾಗದದಲ್ಲಿ ಒರಟಿನಿಂದ ನಯಕ್ಕೆ ಉಜ್ಜಿದೆವು. ಕನ್ನಡಿ ಹಾಗೆ ಆದಮೇಲೆ ನೈಟಲ್ ಹಚ್ಚಿದೆ. ನೈಟ್ರಿಕ್ ಆಸಿಡ್ ಸ್ವಲ್ಪ, ಉಳಿದದ್ದು ಆಲ್ಕೋಹಾಲ್. ಹಚ್ಚಿದ ಕೆಲವೇ ಸೆಕೆಂಡಿಗೆ ಉಕ್ಕಿನ ಒಳಗಿನ ಚಿತ್ರ ಮೇಲೆ ಬರುತ್ತದೆ. ಮಧ್ಯೆ ನಗ್ಗೆಟ್ಟಿನ ಮೊಟ್ಟೆ ಆಕಾರ, ಸುತ್ತ ಕಾವು ತಿಂದ ಪಟ್ಟಿ, ಆಚೆಗೆ ಮೂಲ ಶೀಟು. ಎಷ್ಟು ಸಲ ಮಾಡಿದರೂ ನನಗೆ ಇದು ಬೇಜಾರಾಗಿಲ್ಲ.

ನಗ್ಗೆಟ್ ಚಿಕ್ಕದಿರುತ್ತದೆ ಅಂದುಕೊಂಡಿದ್ದೆ. ಚಿಕ್ಕದಿರಲಿಲ್ಲ. ತೆಳು ಶೀಟಿನ ದಪ್ಪದ ವರ್ಗಮೂಲ ತೆಗೆದು ನಾಲ್ಕರಿಂದ ಗುಣಿಸಬೇಕು, ಅಷ್ಟು ಮಿಲಿಮೀಟರ್ ಕನಿಷ್ಠ ಇರಬೇಕು ಅನ್ನುವುದು ಲೆಕ್ಕ. 1.2ಕ್ಕೆ ಅದು 4.4 ಬರುತ್ತದೆ. ನಮ್ಮದು 5.6 ಇತ್ತು. ಅಳತೆಯಲ್ಲಿ ಫಸ್ಟ್ ಕ್ಲಾಸ್ ಪಾಸ್. ಆದರೂ ಉಳಿಗೆ ಮುರಿದಿದೆ. ಮೈಕ್ರೋಸ್ಕೋಪಿನಲ್ಲಿ ಹತ್ತಿರ ಮಾಡಿ ನೋಡಿದರೆ ನಗ್ಗೆಟ್ಟಿನ ಹೊಟ್ಟೆಯಲ್ಲಿ ಸೂಜಿ ಮೊನೆಯಷ್ಟು ಕಪ್ಪು ಪೊಳ್ಳು. ಕಿಡಿಯಾಗಿ ಹಾರಿಹೋದ ಉಕ್ಕಿನ ಜಾಗ ಅದು. ತಣಿಯುವಾಗ ಕುಗ್ಗುವ ಉಕ್ಕನ್ನು ಅಮುಕಿ ಹಿಡಿಯಲು ನಮ್ಮ ಒತ್ತಡ ಸಾಲದೆ ಅದು ಮುಚ್ಚಿಕೊಂಡಿರಲಿಲ್ಲ.

ಆಮೇಲೆ ಗಡಸುತನ ಅಳೆಸಿದೆವು. ಮೂಲ ಶೀಟು 310 ವಿಕರ್ಸ್. ನಗ್ಗೆಟ್ 430.

ಇಲ್ಲಿ ನನಗೆ ನಮ್ಮಜ್ಜಿ ಊರಿನ ಕುಲುಮೆ ನೆನಪಾಯಿತು. ಕುಣಿಗಲ್ ಕಡೆಯ ಹಳ್ಳಿ. ಸುಗ್ಗಿಗೆ ಮೊದಲು ಅಜ್ಜಿ ನನ್ನ ಕೈಲಿ ಕುಡುಗೋಲುಗಳನ್ನು ಆಚಾರ್ರ ಹತ್ತಿರ ಕಳಿಸುತ್ತಿದ್ದರು. ಅವರು ಕುಡುಗೋಲನ್ನು ಕೆಂಪಗೆ ಕಾಸಿ, ಬಡಿದು, ಬಾಯನ್ನು ಮಾತ್ರ ನೀರಿಗೆ ಅದ್ದುತ್ತಿದ್ದರು. ಚುಯ್ ಅನ್ನುತ್ತಿತ್ತು. ಕೂಡಲೇ ತೆಗೆದು, ಬಾಯನ್ನು ಕಲ್ಲಿಗೆ ಒಂದೆರಡು ಸಲ ತಿಕ್ಕಿ, ಹೊಳೆಯುವ ಜಾಗವನ್ನೇ ನೋಡುತ್ತಾ ಕೂರುತ್ತಿದ್ದರು. ಹಿಂಬದಿಯ ಕಾವು ನಿಧಾನವಾಗಿ ಬಾಯಿಗೆ ಹರಿದು ಬಂದು, ಅಲ್ಲಿ ಒಣಹುಲ್ಲಿನ ಬಣ್ಣ ಏರುತ್ತಿತ್ತು. ಆ ಬಣ್ಣ ಬಂದ ಕ್ಷಣಕ್ಕೆ ಇನ್ನೊಮ್ಮೆ ನೀರಿಗೆ. ಯಾಕೆ ಎರಡು ಸಲ ಅಂತ ಕೇಳಿದ್ದೆ. “ಒಂದೇ ಸಲಕ್ಕೆ ಬಿಟ್ರೆ ಗಾಜಾಗುತ್ತೆ ಮಗಾ, ರಾಗಿ ಕಡ್ಡಿಗೇ ಚಕ್ಕೆ ಏಳುತ್ತೆ. ಹದ ಬರಬೇಕು” ಅಂದಿದ್ದರು.

ನಮ್ಮ ಸ್ಪಾಟಿಗೆ ಆಗಿದ್ದೂ ಇದೇ. ತಾಮ್ರದ ಟಿಪ್ಪಿನ ಒಳಗೆ ತಣ್ಣೀರು ಹರಿಯುತ್ತಿರುತ್ತದೆ. ಕರೆಂಟ್ ನಿಂತ ತಕ್ಷಣ ಎರಡೂ ಕಡೆಯಿಂದ ಆ ತಣ್ಣನೆಯ ತಾಮ್ರ ಕಾವನ್ನು ಹೀರಿಬಿಡುತ್ತದೆ. ಸೆಕೆಂಡಿಗೆ ಸಾವಿರಾರು ಡಿಗ್ರಿಯ ವೇಗದಲ್ಲಿ ಇಳಿಯುತ್ತದೆ. ಮೈಲ್ಡ್ ಸ್ಟೀಲಿನಲ್ಲಿ ಕಾರ್ಬನ್ ತೀರಾ ಕಮ್ಮಿ, ಎಷ್ಟು ಬೇಗ ತಣಿದರೂ ಅಷ್ಟೊಂದು ಗಡಸಾಗುವುದಿಲ್ಲ. 980ರಲ್ಲಿ ಕಾರ್ಬನ್, ಮ್ಯಾಂಗನೀಸ್ ಎರಡೂ ಜಾಸ್ತಿ. ನಗ್ಗೆಟ್ ಪೂರ್ತಿ ಮಾರ್ಟೆನ್ಸೈಟ್ ಆಗಿ ಕೂರುತ್ತದೆ, ಅಂದರೆ ಕಾದ ಉಕ್ಕು ತಟ್ಟನೆ ತಣಿದಾಗ ಆಗುವ ಗಡಸು ರೂಪ. ಗಡಸು, ಆದರೆ ಸೆಟೆದುಕೊಂಡ ಗಡಸು. ಅಣ್ಣ ಹೇಳಿದ ಹಾಗೆ ಹೋಲ್ಡ್ ಜಾಸ್ತಿ ಮಾಡಿದಾಗ ನಾವು ಮಾಡಿದ್ದೇನು? ಇನ್ನೂ ಸ್ವಲ್ಪ ಹೊತ್ತು ನೀರಲ್ಲಿ ಅದ್ದಿ ಹಿಡಿದೆವು, ಅಷ್ಟೆ. ಪೆಟ್ಟಿಗೆ ಇನ್ನೂ ಬೇಗ ಮುರಿಯಿತು.

ಗಟ್ಟಿ ಶೀಟಿನ ಬಗ್ಗೆ ನನ್ನ ನಂಬಿಕೆ ತಿರುಗಿದ್ದೂ ಆ ವಾರವೇ. ಎರಡು ಶೀಟನ್ನು ಅಕ್ಕಪಕ್ಕಕ್ಕೆ ಜಗ್ಗಿದರೆ, ಶೀಟು ಗಟ್ಟಿಯಾದಷ್ಟೂ ಸ್ಪಾಟ್ ಜಾಸ್ತಿ ತಡೆಯುತ್ತದೆ. ಆದರೆ ಮೇಲೆ ಕೆಳಗೆ ಸುಲಿದ ಹಾಗೆ ಕಿತ್ತರೆ, 780 ಗ್ರೇಡಿನ ಆಸುಪಾಸಿನವರೆಗೆ ಏರಿ ಆಮೇಲೆ ಏರುವುದು ನಿಲ್ಲುತ್ತದೆ. ಇನ್ನೂ ಗಟ್ಟಿ ಶೀಟಿಗೆ ಹೋದರೆ ಇಳಿಯಲೂಬಹುದು. ಮೃದು ಶೀಟು ಸುಲಿಯುವಾಗ ಬಗ್ಗಿ, ಪೆಟ್ಟನ್ನು ತಾನು ಹಂಚಿಕೊಳ್ಳುತ್ತದೆ. ಗಟ್ಟಿ ಶೀಟು ಬಗ್ಗುವುದಿಲ್ಲ. ಪೂರ್ತಿ ಭಾರ ನಗ್ಗೆಟ್ಟಿನ ಅಂಚಿಗೆ ಬಂದು ಬೀಳುತ್ತದೆ. ಆ ಅಂಚು ಗಾಜಿನ ಹಾಗಿದ್ದರೆ ಟಿಕ್.

ಹಾಗಾದರೆ ಮೊದಲ 10 ಸ್ಪಾಟ್ ಯಾಕೆ ತಡೆದವು? ಇದಕ್ಕೆ ಉತ್ತರ ಸಿಗಲು ಮೂರು ದಿನ ಬೇಕಾಯಿತು, ಸಿಕ್ಕಿದ್ದು ವೆಲ್ಡಿಂಗಿನಲ್ಲಲ್ಲ, ಪ್ರೆಸ್ಸಿಂಗಿನಲ್ಲಿ. 980 ಶೀಟನ್ನು ಪ್ರೆಸ್ಸಿನಲ್ಲಿ ಬಗ್ಗಿಸಿದರೆ ಅದು ಸುಮ್ಮನೆ ಕೂರುವುದಿಲ್ಲ, ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ಬ್ಯಾಕ್ ಅನ್ನುತ್ತೇವೆ. 11ರಿಂದ 14ರವರೆಗಿನ ಸ್ಪಾಟ್ ಬರುವ ಅಂಚಿನಲ್ಲಿ ಸಂದಿ ಅಳೆಯುವ ಫೀಲರ್ ಗೇಜ್ ತೂರಿಸಿದರೆ 0.7 ಮಿಲಿಮೀಟರ್ ಸಂದಿ. ಮೈಲ್ಡ್ ಸ್ಟೀಲಾಗಿದ್ದರೆ ಟಿಪ್ಪೇ ಅಮುಕಿ ಸಂದಿ ಮುಚ್ಚುತ್ತಿತ್ತು. ಈ ಶೀಟನ್ನು ಅಮುಕಲು ಹೋದರೆ 2.6 ಕಿಲೋ ನ್ಯೂಟನ್ನಿನಲ್ಲಿ ಬಹುಪಾಲು ಸಂದಿ ಮುಚ್ಚಲಿಕ್ಕೇ ಖರ್ಚಾಗುತ್ತದೆ. ಕರಗಿದ ಉಕ್ಕನ್ನು ಕಟ್ಟಿ ಹಿಡಿಯಲು ಏನೂ ಉಳಿಯುವುದಿಲ್ಲ. ಅದಕ್ಕೇ ಅಲ್ಲಿ ಕಿಡಿ, ಅದಕ್ಕೇ ಪೊಳ್ಳು. ಬೆಳಿಗ್ಗೆ ನಾನು ಉಳಿ ಹಾಕಿದ್ದ ಮೂರೂ ಆ ಕಡೆಯವಲ್ಲ.

ಮೊದಲು ಪೀಸನ್ನು ಹಿಡಿದಿಡುವ ಫಿಕ್ಸ್ಚರಿಗೆ ಆ ಅಂಚಿನಲ್ಲಿ ಎರಡು ಕ್ಲಾಂಪ್ ಹಾಕಿಸಿದೆವು. ಒತ್ತಡವನ್ನು 4.2ಕ್ಕೆ ಏರಿಸಿದೆವು, ಅದಕ್ಕೆ ಗನ್ನಿನ ಸಿಲಿಂಡರೇ ಬದಲಾಯಿಸಬೇಕಾಯಿತು. ಕರೆಂಟ್ ಇಳಿಸಿ 7.8 ಮಾಡಿದೆವು. ಈ ಉಕ್ಕಿನ ತಡೆ ಮೈಲ್ಡ್ ಸ್ಟೀಲಿಗಿಂತ ಜಾಸ್ತಿ, ಕಮ್ಮಿ ಕರೆಂಟಿಗೇ ಕಾವು ಏಳುತ್ತದೆ. ನಾನು ಇದನ್ನೇ ಮರೆತಿದ್ದೆ. ಸಮಯ 12ರ ಬದಲು 17 ಸೈಕಲ್. ಹೋಲ್ಡ್ 5. ಶುರುವಿನಲ್ಲಿ ಒಂದು ಸಣ್ಣ ಕರೆಂಟ್, ಶೀಟು ಮೆತ್ತಗಾಗಿ ಒಂದಕ್ಕೊಂದು ಕೂತುಕೊಳ್ಳಲಿ ಅಂತ. ಈ ಅಂಕಿಗಳು ನಮ್ಮ ಗನ್ನಿಗೆ, ನಮ್ಮ ಶೀಟಿಗೆ. ದಯವಿಟ್ಟು ನಿಮ್ಮ ಮಷೀನಿಗೆ ಹೀಗೇ ಹಾಕಿ ಆಮೇಲೆ ನನ್ನನ್ನು ಬೈಯಬೇಡಿ.

ಕಿಡಿ ನಿಂತುಹೋಯಿತು. ಗನ್ ಮುಚ್ಚುತ್ತದೆ, ಗುಂಯ್ ಅನ್ನುತ್ತದೆ, ತೆರೆಯುತ್ತದೆ. ನೋಡಲು ಏನೂ ಇಲ್ಲ. ಅಣ್ಣನಿಗೆ ಸಮಾಧಾನ ಇಲ್ಲ. “ಹಿಡಿದಿದ್ಯೋ ಇಲ್ವೋ ಅಂತಾನೇ ಗೊತ್ತಾಗಲ್ಲ ಇದು” ಅಂದರು. ಉಳಿ ಅವರ ಕೈಗೇ ಕೊಟ್ಟೆ. ಹನ್ನೊಂದು ಸ್ಪಾಟ್ ಚೆನ್ನಾಗಿ ಹರಿದವು. ಸೀಟಿನ ಬೋಲ್ಟ್ ಹತ್ತಿರದ ಮೂರು, 11, 12, 14, ಇನ್ನೂ ಅರ್ಧ ಮುರಿಯುತ್ತಿದ್ದವು.

ಇಲ್ಲೊಂದು ಮಾತು ಹೇಳಲೇಬೇಕು. ಇಷ್ಟು ಗಟ್ಟಿ ಶೀಟಿನಲ್ಲಿ ಸ್ವಲ್ಪ ಭಾಗ ಮುರಿದ ಕೂಡಲೇ ಸ್ಪಾಟ್ ಕೆಟ್ಟದ್ದು ಅಂತ ತೀರ್ಮಾನ ಮಾಡುವ ಹಾಗಿಲ್ಲ. ಎಷ್ಟು ಭಾರಕ್ಕೆ ಮುರಿಯಿತು ಅನ್ನುವುದು ಮುಖ್ಯ, ಅದನ್ನು ಎಳೆದು ಅಳೆಯುವ ಯಂತ್ರದಲ್ಲೇ ನೋಡಬೇಕು. ಉಳಿಯಲ್ಲಿ ಹುಚ್ಚುಹುಚ್ಚಾಗಿ ಹೊಡೆದರೆ ಒಳ್ಳೇ ಸ್ಪಾಟಿಗೂ ಬಿರುಕು ಬಿಡಿಸಬಹುದು. ಆದರೆ ಆ ಮೂರು ಸ್ಪಾಟಿಗೆ ಬರುವುದು ಸುಲಿಯುವ ಭಾರ. ಗುದ್ದಿದಾಗ ಸೀಟು, ಸೀಟಿನಲ್ಲಿ ಕೂತವರು, ಎಲ್ಲ ಸೇರಿ ಬ್ರಾಕೆಟ್ಟನ್ನು ಮೇಲಕ್ಕೆ ಕೀಳುತ್ತಾರೆ. ಅಲ್ಲಿ ನಾನು ಒಪ್ಪಲಿಲ್ಲ.

ಆಚಾರ್ರ ಎರಡನೇ ಕಾವು ಬೇಕಿತ್ತು. ವೆಲ್ಡ್ ಕಂಟ್ರೋಲರಿನಲ್ಲಿ ಅದಕ್ಕೆ ಜಾಗ ಇದೆ, ನಾವು ಯಾವತ್ತೂ ಮುಟ್ಟಿರಲಿಲ್ಲ. ವೆಲ್ಡ್ ಆದಮೇಲೆ ಟಿಪ್ ಬಿಡದೆ ಸ್ವಲ್ಪ ತಣಿಯಲು ಬಿಟ್ಟು, ಇನ್ನೊಂದು ಸಣ್ಣ ಕರೆಂಟ್ ಕೊಡುವುದು. ಕರಗುವಷ್ಟಲ್ಲ, ಹದವಾಗುವಷ್ಟು. ಇದರಲ್ಲಿ ಮೋಸ ಹೋಗುವುದು ತಣಿಯುವ ಸಮಯದಲ್ಲಿ. ನಾನು ಮೊದಲು 10 ಸೈಕಲ್ ಕೊಟ್ಟೆ. ಏನೂ ವ್ಯತ್ಯಾಸ ಆಗಲಿಲ್ಲ. ಮಾರ್ಟೆನ್ಸೈಟ್ ಆಗುವ ಮೊದಲೇ ಮತ್ತೆ ಕಾಸಿದರೆ ಹದ ಮಾಡಲು ಅಲ್ಲಿ ಏನಿದೆ? ಪೂರ್ತಿ ಗಡಸಾಗಬೇಕು, ಆಮೇಲೆ ಮೆತ್ತಗೆ ಮಾಡಬೇಕು. ಆಚಾರ್ರೂ ಚುಯ್ ಅನ್ನಿಸಿದ ಮೇಲೇ ಬಣ್ಣ ಕಾಯುತ್ತಿದ್ದದ್ದು. 30 ಸೈಕಲ್ ತಣಿಸಿ 10 ಸೈಕಲ್ ಕಾಸಿದಾಗ 11ನೇ ಸ್ಪಾಟ್ ಕರ್ರನೆ ಹರಿಯಿತು. ಬಟನ್ ನಿಂತಿತು. ಆ ತುಂಡು ಇನ್ನೂ ನನ್ನ ಡ್ರಾಯರಿನಲ್ಲಿದೆ.

ಪ್ರೊಡಕ್ಷನ್ ಸರ್ ಖುಷಿಯಾಗಲಿಲ್ಲ. 40 ಸೈಕಲ್ ಅಂದರೆ 0.8 ಸೆಕೆಂಡ್. 14 ಸ್ಪಾಟಿಗೆ ಹಾಕಿದರೆ ಪೀಸಿಗೆ 11 ಸೆಕೆಂಡ್ ಜಾಸ್ತಿ.

“ಟಾರ್ಗೆಟ್ ಯಾರಮ್ಮ ಕೊಡ್ತಾರೆ, ನಿಮ್ಮ ಮಾರ್ಟೆನ್ಸೈಟ್ ಕೊಡುತ್ತಾ?”

ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು. ಎಲ್ಲ ಸ್ಪಾಟಿಗೂ ಎರಡನೇ ಕಾವು ಬೇಕಿಲ್ಲ. ಅಕ್ಕಪಕ್ಕ ಜಗ್ಗುವ ಭಾರ ಬರುವ ಕಡೆ ಮಾಮೂಲಿ ಸ್ಪಾಟೇ ಸಾಕು. ಸುಲಿಯುವ ಭಾರ ಬರುವ ಮೂರಕ್ಕೆ ಮಾತ್ರ ಕೊಟ್ಟೆವು. ಎರಡೂವರೆ ಸೆಕೆಂಡಿನ ಒಳಗೆ ಮುಗಿಯಿತು. ಅದನ್ನು ಅವರು ಪೀಸ್ ಇಳಿಸುವ ಟ್ರಾಲಿಯನ್ನು ಒಂದು ಹೆಜ್ಜೆ ಹತ್ತಿರ ತಂದು ಸರಿದೂಗಿಸಿದರು. ಇದನ್ನು ನಾನು ಮೆಚ್ಚಲೇಬೇಕು. ಸೆಟ್ಟಿಂಗ್ ಬದಲಾವಣೆಗೆ ಕಸ್ಟಮರ್ ಒಪ್ಪಿಗೆ, ಎಳೆತದ ರಿಪೋರ್ಟು, ಮೈಕ್ರೋ ಫೋಟೋ ಅಂತ ಇನ್ನೂ ಐದು ವಾರ ಹೋಯಿತು. ಆ ಕಾಗದದ ಪುರಾಣ ಬೇಡ. 320 ಪೀಸ್ ಗುಜರಿಗೆ ಹೋದವು.

ಈಗ ಲೈನ್ ಓಡುತ್ತಿದೆ, ಆದರೆ ನಿದ್ದೆ ಕೆಡಿಸುವುದು ಟಿಪ್. ಬ್ರಾಕೆಟ್ ಶೀಟಿನ ಮೇಲೆ ಸತುವಿನ ಲೇಪ ಇದೆ, ತುಕ್ಕು ಹಿಡಿಯದಿರಲಿ ಅಂತ. ಸತು 420 ಡಿಗ್ರಿಗೇ ಕರಗುತ್ತದೆ. ಕರಗಿದ್ದು ತಾಮ್ರದ ಟಿಪ್ಪಿಗೆ ಹತ್ತಿ ಹಿತ್ತಾಳೆ ಆಗುತ್ತದೆ. ಟಿಪ್ ಮುಖ ಹಳದಿ ತಿರುಗಿದ್ದನ್ನು ಬರಿಗಣ್ಣಲ್ಲೇ ನೋಡಬಹುದು. ಹಿತ್ತಾಳೆ ಬೇಗ ಮೆತ್ತಗಾಗಿ, ಏಟಿಗೆ ಅಗಲ ಆಗುತ್ತಾ, ಟಿಪ್ ನಾಯಿಕೊಡೆಯ ಹಾಗೆ ಅರಳುತ್ತದೆ. 6 ಮಿಲಿಮೀಟರ್ ಮುಖ 8 ಆಯಿತು ಅಂದುಕೊಳ್ಳಿ. ಎರಡೇ ಮಿಲಿಮೀಟರ್ ತಾನೆ ಅನ್ನಿಸುತ್ತದೆ. ಆದರೆ ಜಾಗ ಹೆಚ್ಚುಕಮ್ಮಿ ದುಪ್ಪಟ್ಟಾಗಿ, ಅದೇ ಕರೆಂಟ್ ಹರಡಿಕೊಂಡು, ಕಾವು ಸಾಲದೆ ಹೋಗುತ್ತದೆ. ಹಾಗಾಗಿ ಇಷ್ಟು ಸ್ಪಾಟಿಗೊಮ್ಮೆ ಅಂತ ಟಿಪ್ ಕೆತ್ತಿ ಮೊದಲಿನ ಆಕಾರಕ್ಕೆ ತರಬೇಕು. ಡ್ರೆಸ್ಸಿಂಗ್. ಶಿಫ್ಟ್ ಮುಗಿಯುವ ಹೊತ್ತಿಗೆ ಡ್ರೆಸ್ಸಿಂಗ್ ತಪ್ಪಿಸುವುದು ಎಲ್ಲ ಫ್ಯಾಕ್ಟರಿಯ ರೋಗ. ನಾನು ಮಾತ್ರ ಟಿಪ್ ಬಣ್ಣ ನೋಡದೆ ಶಿಫ್ಟ್ ರಿಪೋರ್ಟಿಗೆ ಸಹಿ ಹಾಕುವುದಿಲ್ಲ. ಹುಡುಗರು ಹಿಂದಿನಿಂದ ನನಗೆ ಹಿತ್ತಾಳೆ ಮೇಡಂ ಅನ್ನುತ್ತಾರೆ ಅಂತ ಗೊತ್ತು. ಅನ್ನಲಿ.

ಅಣ್ಣ ಇತ್ತೀಚೆಗೆ ಟ್ರೈನಿಗಳಿಗೆ ತಾವೇ ಪಾಠ ಮಾಡುತ್ತಾರೆ. ಮೊನ್ನೆ ಒಬ್ಬ ಹುಡುಗ ಹೋಲ್ಡ್ ಏರಿಸಲಾ ಅಂತ ಕೇಳಿದ. “ಮುಟ್ಟಿದ್ರೆ ಕೈ ಮುರೀತೀನಿ” ಅಂದರು. ಯಾಕೆ ಅಂತ ಮಾತ್ರ ಹೇಳಲಿಲ್ಲ, ನನ್ನ ಕಡೆ ಕೈ ತೋರಿಸಿದರು.

ಕಳೆದ ವಾರ 1180 ಗ್ರೇಡಿನ ಶೀಟ್ ಟ್ರಯಲಿಗೆ ಬಂದಿದೆ. ಇದರ ಮೇಲೂ ಸತುವಿನ ಲೇಪ. ಇಷ್ಟು ಗಟ್ಟಿ ಶೀಟು, ಮೇಲೆ ಸತು, ಟಿಪ್ ಸ್ವಲ್ಪ ಸೊಟ್ಟ ಕೂತರೂ ಸಾಕು, ಕರಗಿದ ಸತು ಉಕ್ಕಿನ ಕಾಳುಕಾಳಿನ ಸಂದಿಗೆ ಇಳಿದು ಟಿಪ್ ಗುರುತಿನ ಅಂಚಿನಲ್ಲಿ ಕೂದಲೆಳೆ ಬಿರುಕು ಬಿಡಿಸುತ್ತದೆ. ಉಳಿಗೂ ಅದು ಗೊತ್ತಾಗುವುದಿಲ್ಲ, ಕೊಯ್ದೇ ನೋಡಬೇಕು. 20 ತುಂಡು ಕಳಿಸಿದ್ದಾರೆ. ನಾನು 60 ಕೇಳಿದ್ದೇನೆ. 20ಕ್ಕೇ ಸಹಿ ಹಾಕಿ ಅನ್ನುತ್ತಿದ್ದಾರೆ, ಗುರುವಾರ ಮೀಟಿಂಗ್ ಇದೆ.